ಮಳೆಗಾಲದ ನಲ್ಲಿ ನೀರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕುಡಿಯುವ ನೀರಿನ ಬಗ್ಗೆ ಶಿವಮೊಗ್ಗ ನಗರದಿಂದಲೂ ಮಲೆನಾಡಿನ ತಾಲ್ಲೂಕುಗಳಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ. ಬಹುತೇಕ ಪತ್ರಗಳಲ್ಲಿ ಕೇಳಿರುವುದು ‘ಯಾವ ಯಂತ್ರ ಕೊಳ್ಳಬೇಕು’ ಎಂದು. ನೀರಿಗೆ ಏನು ಸೇರಿದೆ, ಎಲ್ಲಿ ಸೇರಿದೆ ಎಂಬುದು ತಿಳಿಯುವ ಮೊದಲು ಆ ಪ್ರಶ್ನೆಗೆ ಉತ್ತರ ಕೊಡಲು ಬರುವುದಿಲ್ಲವಾದ್ದರಿಂದ ಉತ್ತರಗಳು ಅಲ್ಲಿಂದಲೇ ಆರಂಭವಾಗುತ್ತವೆ.

ಮಳೆ ಹಿಡಿದ ಮೇಲೆ ನಮ್ಮ ನಲ್ಲಿಯಲ್ಲಿ ಒಂದು ದಿನ ಕೆಂಪು ನೀರು ಬಂದರೆ ಮರುದಿನ ಮೂಗಿಗೆ ರಾಚುವಷ್ಟು ಕ್ಲೋರಿನ್ ವಾಸನೆ ಇರುತ್ತದೆ. ಕ್ಲೋರಿನ್‌ನಿಂದ ಕ್ಯಾನ್ಸರ್ ಬರುತ್ತದೆಂದು ಪಕ್ಕದ ಮನೆಯವರು ಕ್ಯಾನ್ ನೀರು ತರಿಸಲು ಶುರುಮಾಡಿದ್ದಾರೆ. ನಾವೂ ನಲ್ಲಿ ನೀರನ್ನು ಬಿಡಬೇಕೆ?
– ಗೃಹಿಣಿ, ವಿನೋಬನಗರ

ಬಿಡಬೇಕಾಗಿಲ್ಲ, ಆದರೆ ಕೆಂಪು ನೀರು ಬಂದ ದಿನ ಎಚ್ಚರ ಹೆಚ್ಚಬೇಕು. ಮುಂಗಾರಿನ ಮೊದಲ ಜೋರು ಮಳೆಗಳಲ್ಲಿ ಶೃಂಗೇರಿ, ತೀರ್ಥಹಳ್ಳಿಯ ಕಡೆಯ ಗುಡ್ಡಗಳ ಕೆಮ್ಮಣ್ಣು, ಕೊಳೆತ ದರಗು, ಬೇಸಿಗೆಯಿಡೀ ಚರಂಡಿಗಳಲ್ಲಿ ಕೂತಿದ್ದ ಕೊಳೆ ಎಲ್ಲವೂ ಒಮ್ಮೆಲೇ ತುಂಗೆಗೆ ಇಳಿಯುತ್ತವೆ. ಶುದ್ಧೀಕರಣ ಘಟಕದಲ್ಲಿ ಈ ನೀರಿಗೆ ಅಲ್ಯೂಮಿನಿಯಂನ ಲವಣವಾದ ಆಲಂ ಬೆರೆಸುತ್ತಾರೆ. ಬರಿಗಣ್ಣಿಗೆ ಕಾಣದ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಹಿಂಜಿದ ಹತ್ತಿಯಂತಾಗಿ ತಳಕ್ಕೆ ಇಳಿಯುತ್ತವೆ; ಮೇಲಿನ ತಿಳಿಯನ್ನು ಮರಳಿನ ಹಾಸಿನ ಮೂಲಕ ಸೋಸಿ ಕೊನೆಗೆ ಕ್ಲೋರಿನ್ ಹಾಕುತ್ತಾರೆ. ನದಿಯ ಕದಡು ಗಂಟೆಗಂಟೆಗೂ ಬದಲಾಗುವ ದಿನಗಳಲ್ಲಿ ಆಲಂನ ಪ್ರಮಾಣವನ್ನೂ ಹಾಗೆಯೇ ಬದಲಿಸುತ್ತ ಹೋಗಬೇಕು. ಅದು ತಪ್ಪಿದಾಗ ಕಡಿಮೆ ಬಿದ್ದರೆ ನೀರು ಕೆಂಪಾಗಿಯೇ ಉಳಿಯುತ್ತದೆ, ಹೆಚ್ಚಾದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕವಾದ ಐಎಸ್ 10500, ಕದಡು 1 ಎನ್‌ಟಿಯು (ಕದಡನ್ನು ಅಳೆಯುವ ಮಾನ) ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ ಸಹಿಸಬಹುದು ಎನ್ನುತ್ತದೆ. ನೋಡಿದ ಕೂಡಲೇ ಬಣ್ಣ ಕಾಣುವ ನೀರು ಈ ಮಿತಿಯನ್ನು ಆಗಲೇ ದಾಟಿರುತ್ತದೆ.

ಕೆಂಪು ನೀರಿನ ತೊಂದರೆ ಬಣ್ಣದ್ದಷ್ಟೇ ಅಲ್ಲ. ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಉಳಿದುಕೊಳ್ಳುತ್ತವೆ ಮತ್ತು ಹಾಕಿದ ಕ್ಲೋರಿನ್‌ನ ಬಹುಪಾಲು ಮಣ್ಣಿನೊಂದಿಗೂ ಎಲೆಗಳ ಕೊಳೆತ ಸಾರದೊಂದಿಗೂ ಬೆರೆತು ಖರ್ಚಾಗುತ್ತದೆ. ನಿಮ್ಮ ನಲ್ಲಿಯಲ್ಲಿ ಮರುದಿನ ಬಂದ ವಾಸನೆಗೆ, ಈ ಖರ್ಚನ್ನು ತುಂಬಲು ಘಟಕದಲ್ಲಿ ಕ್ಲೋರಿನ್ ಹೆಚ್ಚಿಸಿದ್ದೇ ಹೆಚ್ಚಾಗಿ ಕಾರಣ. ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ (ಖರ್ಚಾಗದೆ ನೀರಿನಲ್ಲಿ ಉಳಿದ ಕ್ಲೋರಿನ್) ಇರಲೇಬೇಕು, ವೈರಸ್ ಭಯವಿದ್ದಾಗ 0.5 ಇರಬೇಕು ಎಂದು ಅದೇ ಮಾನಕ ಹೇಳುತ್ತದೆ. ಆರೋಗ್ಯದ ದೃಷ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮೇಲಿನ ಮಿತಿ ಲೀಟರಿಗೆ 5 ಮಿಲಿಗ್ರಾಂ. ಅದಕ್ಕಿಂತ ಎಷ್ಟೋ ಕೆಳಗಿನ ಪ್ರಮಾಣದಲ್ಲೇ ಮೂಗು ಅದನ್ನು ಹಿಡಿಯುತ್ತದೆ. ಮಳೆಗಾಲದಲ್ಲಿ ತುಸು ವಾಸನೆಯಿರುವ ನೀರಿಗಿಂತ ಯಾವ ವಾಸನೆಯೂ ಇಲ್ಲದ ನೀರು ನನಗೆ ಹೆಚ್ಚು ಚಿಂತೆ ತರುತ್ತದೆ.

ಕ್ಯಾನ್ಸರ್‌ನ ಮಾತು ಪೂರ್ತಿ ಆಧಾರವಿಲ್ಲದ್ದಲ್ಲ. ಕ್ಲೋರಿನ್ ಕೊಳೆತ ಎಲೆಯ ಸಾರದೊಂದಿಗೆ ಸೇರಿದಾಗ ಕ್ಲೋರೋಫಾರ್ಮ್ ಮುಂತಾದ ಟ್ರೈಹ್ಯಾಲೋಮೀಥೇನ್‌ಗಳು ಹುಟ್ಟುತ್ತವೆ, ಇವುಗಳಿಗೂ ಮಾನಕದಲ್ಲಿ ಮಿತಿಗಳಿವೆ. ಆದರೆ ಇವುಗಳ ಅಪಾಯ ಹತ್ತಾರು ವರ್ಷಗಳ ಸೇವನೆಯ ಲೆಕ್ಕದ್ದಾಗಿದ್ದು ಪ್ರಮಾಣದಲ್ಲಿ ಬಹಳ ಚಿಕ್ಕದು. ಕ್ಲೋರಿನ್ ಇಲ್ಲದ ನೀರಿನಿಂದ ಬರುವ ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆಗಳು ಈ ವಾರದ್ದೇ ಅಪಾಯ. ಈ ಉಪಉತ್ಪನ್ನಗಳಿಗೆ ಹೆದರಿ ನೀರಿನ ರೋಗಾಣು ನಿವಾರಣೆಯಲ್ಲಿ ರಾಜಿ ಮಾಡಿಕೊಳ್ಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಬಾಯಿ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಕ್ಲೋರಿನ್ ವಾಸನೆಯೂ ಹೋಗುತ್ತದೆ, ಕ್ಲೋರೋಫಾರ್ಮ್‌ನ ಬಹುಪಾಲೂ ಆವಿಯಾಗುತ್ತದೆ.

ಕೆಂಪು ನೀರು ಬಂದ ದಿನ ಅದನ್ನು ಸಂಪಿಗೆ ತುಂಬಿಕೊಳ್ಳಬೇಡಿ. ಸಾಧ್ಯವಿದ್ದರೆ ಹಿಂದಿನ ದಿನದ ನೀರನ್ನೇ ಬಳಸಿ. ಅನಿವಾರ್ಯವಾದರೆ ಪಾತ್ರೆಯಲ್ಲಿ ತಳವೂರಲು ಬಿಟ್ಟು, ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಆಮೇಲೆ ಕುದಿಸಿ. ಸೀರೆಯ ಸೋಸುವಿಕೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಷ್ಟರಿಂದಲೇ ಕಾಲರಾ ಸುಮಾರು ಅರ್ಧದಷ್ಟು ಇಳಿದಿತ್ತು. ಆದರೂ ಕುದಿಸುವುದಕ್ಕೆ ಅದು ಬದಲಿಯಲ್ಲ.

ನಮ್ಮ ಬೀದಿಯಲ್ಲಿ ಒಂದೇ ತಿಂಗಳಲ್ಲಿ ಹಲವರಿಗೆ ಕಾಮಾಲೆಯಾಗಿದೆ. ನೀರು ಕಣ್ಣಿಗೆ ತಿಳಿಯಾಗಿಯೇ ಇದೆ. ಘಟಕದಲ್ಲಿ ನೀರು ಸರಿಯಾಗಿದೆ ಎಂದು ಸಂಬಂಧಪಟ್ಟವರು ಹೇಳುತ್ತಾರೆ. ಯಾರನ್ನು ನಂಬಬೇಕು, ಏನು ಮಾಡಬೇಕು?
– ನಿವೃತ್ತ ಶಿಕ್ಷಕರು, ಕೋಟೆ ಪ್ರದೇಶ, ಶಿವಮೊಗ್ಗ

ಇಬ್ಬರ ಮಾತೂ ನಿಜವಿರಬಹುದು. ಘಟಕದಿಂದ ಶುದ್ಧವಾಗಿ ಹೊರಟ ನೀರು ನಿಮ್ಮ ಲೋಟಕ್ಕೆ ಬರುವಷ್ಟರಲ್ಲಿ ಕೆಡಲು ಹಲವು ಕಡೆ ಅವಕಾಶವಿದೆ. ಹಳೆಯ ಬೀದಿಗಳಲ್ಲಿ ಕೆಡುವುದು ಹೆಚ್ಚಾಗಿ ಕೊನೆಯ ನೂರು ಅಡಿಯಲ್ಲಿ, ಅಂದರೆ ಬೀದಿಯ ಕೊಳವೆಯಿಂದ ಮನೆಗೆ ಎಳೆದಿರುವ ಸಂಪರ್ಕದ ಪೈಪಿನಲ್ಲಿ. ಈ ಪೈಪು ತೆರೆದ ಚರಂಡಿಯ ಒಳಗಿನಿಂದಲೇ ಹಾದುಬಂದಿರುವುದನ್ನು ನಮ್ಮ ಊರುಗಳಲ್ಲಿ ಎಲ್ಲಿ ಬೇಕಾದರೂ ಕಾಣಬಹುದು. ಕಬ್ಬಿಣದ ಪೈಪು ತುಕ್ಕು ತಿಂದು ಸೂಜಿಯ ಮೊನೆಯಷ್ಟು ತೂತಾದರೂ, ನೀರು ಒತ್ತಡದಲ್ಲಿ ಹರಿಯುವಷ್ಟು ಹೊತ್ತು ಒಳಗಿನ ನೀರು ಹೊರಗೆ ಸೋರುತ್ತದೆಯೇ ಹೊರತು ಚರಂಡಿ ಒಳಬರುವುದಿಲ್ಲ. ನೀರು ನಿಲ್ಲಿಸಿದ ಮೇಲೆ ಕೊಳವೆ ಖಾಲಿಯಾಗುವಾಗ ಒಳಗೆ ಒತ್ತಡ ಬೀಳುತ್ತದೆ, ಆಗ ಅದೇ ತೂತು ಚರಂಡಿಯ ನೀರನ್ನು ಒಳಕ್ಕೆ ಹೀರುತ್ತದೆ. ಯಾರಾದರೂ ನಲ್ಲಿ ಸಂಪರ್ಕಕ್ಕೆ ನೇರವಾಗಿ ಮೋಟಾರು ಕೂಡಿಸಿ ನೀರೆಳೆದರೆ ಈ ಹೀರುವಿಕೆ ಇನ್ನಷ್ಟು ಬಲವಾಗುತ್ತದೆ. ಮೋಟಾರು ಇಟ್ಟವರ ಮನೆಯಷ್ಟೇ ಅಲ್ಲ, ಬೀದಿಯ ಉಳಿದ ಮನೆಗಳೂ ಅದರ ಫಲವನ್ನು ಕುಡಿಯಬೇಕಾಗುತ್ತದೆ. ಇದನ್ನು ನೆರೆಹೊರೆಯವರ ಮನ ನೋಯುತ್ತದೆಂದು ಹೇಳದೆ ಬಿಡುವ ವಿಷಯವೆಂದು ನಾನು ಭಾವಿಸುವುದಿಲ್ಲ.

ಕಾಮಾಲೆಗೆ ಇನ್ನೊಂದು ತೊಡಕಿದೆ. ನೀರಿನಿಂದ ಬರುವ ಕಾಮಾಲೆಗೆ ಕಾರಣವಾದ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಹೊಟ್ಟೆ ಸೇರಿದ ಮೇಲೆ ರೋಗ ಕಾಣಿಸಿಕೊಳ್ಳಲು ಎರಡರಿಂದ ಎಂಟು ವಾರ ಬೇಕು. ಈ ತಿಂಗಳು ಮಲಗಿದವರು ಕೆಟ್ಟ ನೀರನ್ನು ಕುಡಿದದ್ದು ಹೆಚ್ಚಾಗಿ ಹಿಂದಿನ ತಿಂಗಳಲ್ಲಿ. ಇಂದು ತೆಗೆದ ಮಾದರಿ ಶುದ್ಧವೆಂದು ಬಂದರೂ ಅದರಿಂದ ಪೈಪು ಸರಿಯಿದೆ ಎಂದಾಗುವುದಿಲ್ಲ. ಒತ್ತಡ ಬಿದ್ದಾಗ ಮಾತ್ರ ಒಳಬರುವ ಕೊಳೆ ಮಾದರಿ ತೆಗೆದ ಹೊತ್ತಿನಲ್ಲಿ ಇರಲೇಬೇಕೆಂದಿಲ್ಲ. ಆದ್ದರಿಂದ ಪ್ರಯೋಗಾಲಯದ ವರದಿಗೆ ಕಾಯುತ್ತ ಕೂರದೆ ಪೈಪನ್ನು ಅಗೆಸಿ ನೋಡಬೇಕು.

ತಿಳಿಯಾದ ನೀರು ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ನಮ್ಮ ದೇಶದ ದೊಡ್ಡ ನಿದರ್ಶನ ದೆಹಲಿಯದು. 1955ರ ನವೆಂಬರ್‌ನಲ್ಲಿ ಯಮುನೆಯ ಹರಿವು ಬದಲಾಗಿ ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದ್ ನೀರೆತ್ತುವ ಸ್ಥಾವರದ ಬಾಯಿಗೆ ಹಿಮ್ಮುಖವಾಗಿ ಬಂದು ಸೇರಿತು. ಅಲ್ಲಿನ ಎಂಜಿನಿಯರುಗಳು ಆಲಂ, ಕ್ಲೋರಿನ್ ಎರಡನ್ನೂ ಹೆಚ್ಚಿಸಿದರು. ವಿಷಮಶೀತ ಜ್ವರವಾಗಲಿ ಆಮಶಂಕೆಯಾಗಲಿ ಹೆಚ್ಚಲಿಲ್ಲ, ಎಂದರೆ ಬ್ಯಾಕ್ಟೀರಿಯಾಗಳು ಸತ್ತಿದ್ದವು. ಆದರೂ ಡಿಸೆಂಬರ್ ಮತ್ತು ಜನವರಿಯಲ್ಲಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಅದು ಹೆಪಟೈಟಿಸ್ ಇ ಎಂಬುದು ಗೊತ್ತಾಗಲು ದಶಕಗಳೇ ಬೇಕಾದವು. ವೈರಸ್‌ಗಳು ಬ್ಯಾಕ್ಟೀರಿಯಾಗಳಿಗಿಂತ ಹೆಚ್ಚು ಹೊತ್ತು, ಹೆಚ್ಚು ಪ್ರಮಾಣದ ಕ್ಲೋರಿನ್‌ಗೆ ತಡೆಯುತ್ತವೆ. ನಿಮ್ಮಂಥ ಬೀದಿಗೆ 0.2ರ ಬದಲು 0.5 ಮಿಲಿಗ್ರಾಂ ಕೇಳಬೇಕಾದ್ದು ಈ ಕಾರಣಕ್ಕೆ.

ಮೊದಲ ಕೆಲಸ ಇವತ್ತಿನದು: ಬೀದಿಯ ಎಲ್ಲ ಮನೆಗಳೂ ಕುಡಿಯುವ, ಹಲ್ಲುಜ್ಜುವ, ಹಸಿ ತರಕಾರಿ ತೊಳೆಯುವ ನೀರನ್ನು ಕುದಿಸಿ ಬಳಸಬೇಕು. ಗರ್ಭಿಣಿಯರಿರುವ ಮನೆಗಳಿಗೆ ಇದನ್ನು ಬಾಗಿಲಿಗೆ ಹೋಗಿ ಹೇಳಿ, ಏಕೆಂದರೆ ಹೆಪಟೈಟಿಸ್ ಇ ಕೊನೆಯ ಮೂರು ತಿಂಗಳಲ್ಲಿರುವ ಗರ್ಭಿಣಿಯರಿಗೆ ಪ್ರಾಣಾಪಾಯ ತರುತ್ತದೆ. ಆ ಹಂತದಲ್ಲಿ ರೋಗ ತಗಲಿದವರಲ್ಲಿ ನೂರಕ್ಕೆ 20ರಿಂದ 25ರವರೆಗೆ ಸಾವು ಸಂಭವಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಮಾಲೆಗೆ ನಾಟಿ ಔಷಧಿ ಕೊಡಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಯಾರನ್ನೂ ಅವಮಾನಿಸದೆ ಒಂದು ಮಾತು ಹೇಳುತ್ತೇನೆ: ರಕ್ತಪರೀಕ್ಷೆ ಮಾಡಿಸದೆ ದಿನ ಕಳೆಯಬೇಡಿ, ಗರ್ಭಿಣಿಯರಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಎರಡನೆಯದು ಉಳಿಕೆ ಕ್ಲೋರಿನ್ ಪರೀಕ್ಷೆ. ಅಕ್ವೇರಿಯಂ ಅಥವಾ ಈಜುಕೊಳದ ಸಾಮಾನು ಮಾರುವ ಅಂಗಡಿಗಳಲ್ಲಿ ಇದರ ಚಿಕ್ಕ ಕಿಟ್ ಸಿಗುತ್ತದೆ. ಹಳೆಯ ಬಗೆಯ ಆರ್ಥೋಟಾಲಿಡಿನ್ ದ್ರಾವಣ ಹಾಕಿದರೆ ನೀರು ಹಳದಿಯಾಗುತ್ತದೆ, ಡಿಪಿಡಿ ಮಾತ್ರೆ ಹಾಕಿದರೆ ಗುಲಾಬಿಯಾಗುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ಬೀದಿಯ ಆರಂಭದ ಮನೆಯಲ್ಲಿ, ಮಧ್ಯದಲ್ಲಿ, ತುದಿಯಲ್ಲಿ, ಸಂಪು ಸೇರುವ ಮೊದಲಿನ ನಲ್ಲಿಯಲ್ಲೇ ನೋಡಿ. ಮೊದಲ ಮನೆಗಳಲ್ಲಿ ಬಣ್ಣ ಬಂದು ಒಂದು ಮನೆಯಿಂದಾಚೆಗೆ ಬರದಿದ್ದರೆ ಆ ಎರಡರ ನಡುವೆ ಏನೋ ಸೇರಿ ಕ್ಲೋರಿನ್ ಅನ್ನು ತಿಂದುಹಾಕಿದೆ ಎಂದು ಊಹಿಸಬಹುದು. ಎಲ್ಲಿ ಅಗೆಯಬೇಕೆಂದು ತಿಳಿಯಲು ಇದಕ್ಕಿಂತ ಅಗ್ಗದ ದಾರಿಯಿಲ್ಲ.

ಮೂರನೆಯದು ಪ್ರಯೋಗಾಲಯ. ಮನೆಯ ತೊಳೆದ ಬಾಟಲಿಯಲ್ಲಿ ಮಾದರಿ ಕೊಟ್ಟರೆ ಉಪಯೋಗವಿಲ್ಲ. ಕ್ಲೋರಿನ್ ಇರುವ ನೀರಿಗೆ ಸೋಡಿಯಂ ಥಯೋಸಲ್ಫೇಟ್ ಹಾಕಿ ರೋಗಾಣುಮುಕ್ತಗೊಳಿಸಿದ ಬಾಟಲಿಯೇ ಬೇಕು, ಇಲ್ಲವಾದರೆ ದಾರಿಯಲ್ಲಿ ಕ್ಲೋರಿನ್ ತನ್ನ ಕೆಲಸ ಮುಂದುವರಿಸಿ ವರದಿ ಶುದ್ಧವೆಂದೇ ಬರುತ್ತದೆ. ಆ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಪಡೆದು, ನಲ್ಲಿಯ ಬಾಯಿ ಒರೆಸಿ ಎರಡು ಮೂರು ನಿಮಿಷ ನೀರು ಹರಿಯಬಿಟ್ಟು ತುಂಬಿಸಿ, ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ತಲುಪಿಸಬೇಕು. 100 ಮಿಲಿಲೀಟರ್ ಮಾದರಿಯಲ್ಲಿ, ಮಲ ಸೇರಿರುವುದರ ಗುರುತಾದ ಇ-ಕೋಲಿ ಬ್ಯಾಕ್ಟೀರಿಯಾ ಒಂದೂ ಕಾಣಬಾರದು ಎಂಬುದು ಮಾನಕ. ಇದರಲ್ಲಿ ರಿಯಾಯಿತಿಯಿಲ್ಲ.

ಇನ್ನು ದೂರು. ವಾಲ್ವ್‌ಮನ್‌ಗೆ ಬಾಯಿಮಾತಿನಲ್ಲಿ ಹೇಳಿದ್ದು ದೂರಲ್ಲ. ಮಹಾನಗರ ಪಾಲಿಕೆಗೆ, ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಕಚೇರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದೇ ಪತ್ರದ ಮೂರು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪತ್ರದಲ್ಲಿ ಕೋಪದ ಮಾತಿಗಿಂತ ಯಾವ ಮನೆಯಲ್ಲಿ ಎಷ್ಟು ಜನರಿಗೆ ಯಾವ ದಿನಾಂಕದಿಂದ ಕಾಯಿಲೆ, ಕ್ಲೋರಿನ್ ಪರೀಕ್ಷೆಯಲ್ಲಿ ಎಲ್ಲಿ ಬಣ್ಣ ಬಂತು, ಎಲ್ಲಿ ಬರಲಿಲ್ಲ, ಪೈಪು ಎಲ್ಲಿ ಚರಂಡಿ ದಾಟುತ್ತದೆ ಎಂಬುದು ಇರಲಿ. ಬೀದಿಯವರೆಲ್ಲ ಸಹಿ ಹಾಕಿದ ಇಂಥ ಪತ್ರವನ್ನು ಪಕ್ಕಕ್ಕಿಡುವುದು ಯಾವ ಅಧಿಕಾರಿಗೂ ಸುಲಭವಲ್ಲ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ, ನಿಮ್ಮ ವಾರ್ಡಿನ ಮೂರು ತಿಂಗಳ ಉಳಿಕೆ ಕ್ಲೋರಿನ್ ದಾಖಲೆಯ ಪ್ರತಿ ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಬರಬೇಕು. ಮಾಲಿನ್ಯವಿಲ್ಲದ ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1991ರಲ್ಲೇ, ಸುಭಾಷ್ ಕುಮಾರ್ ಮತ್ತು ಬಿಹಾರ ರಾಜ್ಯದ ನಡುವಣ ಪ್ರಕರಣದಲ್ಲಿ ಹೇಳಿದೆ. ನೀವು ಕೇಳುತ್ತಿರುವುದು ಉಪಕಾರವನ್ನಲ್ಲ.

ಚರಂಡಿಯಲ್ಲಿ ಹಾದುಹೋದ ನಿಮ್ಮ ಮನೆಯ ಪೈಪನ್ನು ಬದಲಿಸಿ ಚರಂಡಿಯ ಮೇಲಿನಿಂದ ತರಿಸುವ ಹೊಣೆ ಬಹುತೇಕ ಮನೆಯವರ ಮೇಲೆಯೇ ಬೀಳುತ್ತದೆ. ಅದಕ್ಕೆ ತಗಲುವ ಖರ್ಚು ಒಂದು ಸಾಧಾರಣ ಶುದ್ಧೀಕರಣ ಯಂತ್ರದ ಬೆಲೆಗಿಂತ ಕಡಿಮೆಯಾಗಬಹುದು.

ಮನೆಗೆ ಬಂದ ಮಾರಾಟಗಾರನೊಬ್ಬ ನಮ್ಮ ನಲ್ಲಿ ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟು ಕೊಟ್ಟ ಕೂಡಲೇ ನೀರು ಕಂದಾಗಿ ಕೊಳೆ ತೇಲಿತು. ಆರ್‌ಒ (ರಿವರ್ಸ್ ಆಸ್ಮಾಸಿಸ್) ಯಂತ್ರದಲ್ಲಿ ಸೋಸಿದ ನೀರು ಹಾಗೆಯೇ ತಿಳಿಯಾಗಿತ್ತು. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಕೇಳಿ ಬೆಳೆದ ನಮಗೆ ಗಾಬರಿಯಾಗಿದೆ.
– ಓದುಗರು, ಗೋಪಾಳ

ಆ ಕೊಳೆ ನಿಮ್ಮ ನೀರಿನಲ್ಲಿ ಇದ್ದದ್ದಲ್ಲ, ಕಡ್ಡಿಗಳಿಂದ ಬಂದದ್ದು. ಸಹಜ ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿದಾಗ ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗಿ ತೇಲುತ್ತದೆ. ಆರ್‌ಒ ನೀರಿನಲ್ಲಿ ಲವಣವಿಲ್ಲದೆ ವಿದ್ಯುತ್ ಹರಿಯುವುದೇ ಕಷ್ಟವಾದ್ದರಿಂದ ಕಡ್ಡಿ ಕರಗುವುದಿಲ್ಲ. ಒಂದು ಚಿಟಿಕೆ ಉಪ್ಪನ್ನು ಆ ಆರ್‌ಒ ನೀರಿಗೆ ಹಾಕಿ ಮತ್ತೆ ತೋರಿಸಲು ಹೇಳಿದ್ದರೆ ಅದೂ ಕಂದಾಗುತ್ತಿತ್ತು. ಇಂಥ ಪ್ರದರ್ಶನ ಜನರ ಭಯವನ್ನು ಮಾರಾಟಕ್ಕಿಡುವ ಕೆಲಸ. ಅದಕ್ಕೆ ಮರುಳಾಗಿ ಹಣ ಕೊಟ್ಟವರನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ.

ಆರ್‌ಒ ಎಂಬುದು ನೀರಿನಲ್ಲಿ ಕರಗಿದ ಲವಣ, ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ಗಳನ್ನು ತೆಗೆಯಲು ಇರುವ ವಿಧಾನ. ಕರಗಿದ ಘನಾಂಶ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದೆಂದು ಮಾನಕ ಹೇಳುತ್ತದೆ. ಭಾರಿ ಮಳೆಯ, ಗಟ್ಟಿಬಂಡೆಯ ಘಟ್ಟಗಳಿಂದ ಇಳಿದು ಬರುವ ತುಂಗೆಯಲ್ಲಿ ಅದು ಈ ಮಿತಿಗಿಂತ ಬಹಳ ಕೆಳಗೇ ಇರುತ್ತದೆ. ‘ತುಂಗಾ ಪಾನ’ದ ಹೆಸರಿಗೆ ಕಾರಣವಾದ ಸಿಹಿ ಈ ಮೆದು ಗುಣದ್ದು. ಇಂಥ ನೀರಿಗೆ ಆರ್‌ಒ ಹಾಕಿದರೆ ಇದ್ದಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ ಹೋಗುತ್ತವೆ, ಮನೆಬಳಕೆಯ ಯಂತ್ರಗಳಲ್ಲಿ ಒಂದು ಲೀಟರ್ ಪಡೆಯಲು ಎರಡು ಮೂರು ಲೀಟರ್ ಹೊರಗೆ ಹರಿಯುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆಯಿರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಹೇಳಿದ್ದು ಈ ಲೆಕ್ಕದ ಮೇಲೆಯೇ.

ಹಾಗೆಂದು ಗಾದೆಯನ್ನು ನಂಬಿ ನದಿಗೆ ಬೊಗಸೆಯೊಡ್ಡಬೇಡಿ. ಸಿಹಿಗೂ ರೋಗಾಣುವಿಗೂ ಸಂಬಂಧವಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಮಲಿನ ನದಿಭಾಗಗಳ ಪಟ್ಟಿಯಲ್ಲಿ ತುಂಗೆಯ ಹೆಸರೂ ಇದೆ; ಊರಿನ ಚರಂಡಿಗಳನ್ನು ನಾವೇ ಅದಕ್ಕೆ ಬಿಟ್ಟಿದ್ದೇವೆ, ಕೂಡಲಿಯಿಂದ ಕೆಳಗಿನ ಊರುಗಳು ಅದನ್ನೇ ಎತ್ತಿ ಕುಡಿಯಬೇಕಾಗಿದೆ. ಪಾಲಿಕೆಯ ನದಿ ನೀರು ಬರುವ ಮನೆಗೆ ಸೋಸುವಿಕೆಯ ಜೊತೆ ಯುವಿ (ನೇರಳಾತೀತ ಕಿರಣದ) ದೀಪವಿರುವ ಯಂತ್ರ ಸಾಕು, ಕ್ಯಾಂಡಲ್ ಫಿಲ್ಟರ್‌ನಲ್ಲಿ ಸೋಸಿ ಕುದಿಸಿದರೂ ಸಾಕು. ಯುವಿ ಕದಡು ನೀರಿನಲ್ಲಿ ಕೆಲಸ ಮಾಡುವುದಿಲ್ಲ, ಕರೆಂಟು ಹೋದಾಗಲೂ ಇಲ್ಲ. ಟಿಡಿಎಸ್ ಮೀಟರ್‌ನ ಅಂಕಿ ರೋಗಾಣುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೊಳವೆಬಾವಿಯೇ ಆಧಾರವಾಗಿರುವ ಮನೆಯಾದರೆ ಮಾತ್ರ ಫ್ಲೋರೈಡ್, ನೈಟ್ರೇಟ್, ಗಡಸುತನಗಳ ಪರೀಕ್ಷೆ ಮಾಡಿಸಿ, ವರದಿ ಕೈಗೆ ಬಂದ ಮೇಲೆ ಆರ್‌ಒ ಬಗ್ಗೆ ಯೋಚಿಸಿ.

ಎಷ್ಟು ನಿಮಿಷ ಕುದಿಸಬೇಕು? ಒಬ್ಬರು 5 ಎನ್ನುತ್ತಾರೆ, ಇನ್ನೊಬ್ಬರು 20. ತಾಮ್ರದ ಕೊಡದಲ್ಲಿಟ್ಟರೆ ಕುದಿಸುವುದೇ ಬೇಡವಂತೆ, ನಿಜವೆ?
– ವಿದ್ಯಾರ್ಥಿನಿ, ಸಾಗರ

ನೀರು ಗುಳ್ಳೆಯೆದ್ದು ಕೊತಕೊತ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಸಾಕು. ಸಮುದ್ರಮಟ್ಟದಿಂದ 2,000 ಮೀಟರ್ ಮೀರಿದ ಎತ್ತರದಲ್ಲಿ ಮೂರು ನಿಮಿಷ ಬೇಕೆನ್ನುತ್ತಾರೆ, ಆದರೆ ಮುಳ್ಳಯ್ಯನಗಿರಿಯ ನೆತ್ತಿಯೂ ಅಷ್ಟು ಎತ್ತರವಿಲ್ಲ. ಹೆಚ್ಚು ಹೊತ್ತು ಕುದಿಸಿದರೆ ಗ್ಯಾಸ್ ಖರ್ಚಾಗುತ್ತದೆ. ನೈಟ್ರೇಟ್, ಫ್ಲೋರೈಡ್‌ಗಳಿದ್ದರೆ ನೀರು ಇಂಗಿದಷ್ಟೂ ಅವುಗಳ ಸಾಂದ್ರತೆ ಏರುತ್ತದೆ. ತಾಮ್ರದ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟ ನೀರಿನಲ್ಲಿ ಹಲವು ಬ್ಯಾಕ್ಟೀರಿಯಾಗಳು ಸಾಯುತ್ತವೆಂಬುದು ಪ್ರಯೋಗಗಳಲ್ಲಿ ಕಂಡಿದೆ, ಆದರೆ ಕೊಳಚೆ ಸೇರಿರಬಹುದಾದ ನೀರಿಗೆ ಅದನ್ನೇ ನಂಬಬಾರದು. ಕುದಿಸಿ ಆರಿಸಿ ತಾಮ್ರದ ಕೊಡದಲ್ಲಿ ಮುಚ್ಚಿಡುವುದಾದರೆ ನನ್ನ ಅಭ್ಯಂತರವಿಲ್ಲ. ಹುಳಿ, ಮಜ್ಜಿಗೆಯನ್ನು ಮಾತ್ರ ಅದರಲ್ಲಿ ಇಡಬೇಡಿ.

ನಮ್ಮ ಮನೆಗೆ ಗುಡ್ಡದ ಮೇಲಿನ ಅಬ್ಬಿ ನೀರು ಬರುತ್ತದೆ. ಹಿಂದೆ ಅಡಿಕೆ ದಬ್ಬೆಯಲ್ಲಿ ಬರುತ್ತಿದ್ದದ್ದು ಈಗ ಪೈಪಿನಲ್ಲಿ ಬರುತ್ತದೆ. ತಲೆಮಾರುಗಳಿಂದ ಹಾಗೆಯೇ ಕುಡಿದಿದ್ದೇವೆ. ಪೇಟೆಯಿಂದ ಬಂದ ಮೊಮ್ಮಕ್ಕಳಿಗೆ ಮಾತ್ರ ಹೊಟ್ಟೆ ಕೆಡುತ್ತದೆ. ಬಾವಿಯ ನೀರಿನ ಮೇಲೆ ಎಣ್ಣೆಯಂಥ ಪದರವೂ ಕಾಣುತ್ತದೆ.
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಅಬ್ಬಿಯ ನೀರು ಹುಟ್ಟುವ ಜಾಗದಲ್ಲಿ ಬಹುಪಾಲು ಶುದ್ಧವೇ ಇರುತ್ತದೆ. ಬಂಡೆಯ ಸಂದಿನಿಂದ ಹೊರಬಂದ ಮೇಲೆ ದನ, ಕಾಡುಹಂದಿ, ಕೋತಿಗಳ ಓಡಾಟವಿರುವ ಕಡೆ ತೆರೆದ ಗುಂಡಿಯಲ್ಲಿ ನಿಂತರೆ ಅದು ಮಳೆಗಾಲದಲ್ಲಿ ಕೆಡುತ್ತದೆ. ದೊಡ್ಡವರಿಗೆ ಅದೇ ಊರಿನ ಅನೇಕ ರೋಗಾಣುಗಳು ರೂಢಿಯಾಗಿರುವುದರಿಂದ ಏನೂ ಆಗದಿರಬಹುದು. ಮೊಮ್ಮಕ್ಕಳ ಹೊಟ್ಟೆ ಕೆಡುವುದನ್ನು ಪೇಟೆಯ ಮಕ್ಕಳ ಸೂಕ್ಷ್ಮವೆಂದು ತಳ್ಳಿಹಾಕದೆ ನೀರಿನ ಬಗ್ಗೆ ಬಂದ ಸೂಚನೆಯೆಂದೇ ತೆಗೆದುಕೊಳ್ಳಿ. ನೀರು ಹುಟ್ಟುವ ಜಾಗಕ್ಕೆ ಮುಚ್ಚಿದ ಚಿಕ್ಕ ತೊಟ್ಟಿ ಕಟ್ಟಿಸಿ, ಸುತ್ತ ಬೇಲಿ ಹಾಕಿಸಿ, ಮೇಲಿನ ಮಳೆನೀರು ಪಕ್ಕಕ್ಕೆ ಹರಿಯುವಂತೆ ಕಾಲುವೆ ತೆಗೆಸಿ, ಪೈಪಿನ ಬಾಯಿಗೆ ಜಾಲರಿ ಕಟ್ಟಿಸಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವುದು, ಡ್ರಮ್ಮು ತೊಳೆಯುವುದು ಎಂದೂ ನೀರಿನ ಮೂಲದ ಮೇಲ್ಗಡೆ ಆಗಬಾರದು. ಆ ದ್ರಾವಣದಲ್ಲಿರುವ ಮೈಲುತುತ್ತದ ತಾಮ್ರ ಕುದಿಸಿದರೆ ಹೋಗುವುದಿಲ್ಲ. ಕಳೆನಾಶಕಕ್ಕೂ ಇದೇ ಮಾತು, ಇನ್ನೂ ಬಲವಾಗಿ.

ಬಾವಿಯ ಪದರವನ್ನು ಒಂದು ಕಡ್ಡಿಯಿಂದ ಕದಡಿ ನೋಡಿ. ಗಾಜಿನ ಚೂರುಗಳಂತೆ ಒಡೆದು ಬೇರೆಬೇರೆಯಾಗಿಯೇ ಉಳಿದರೆ ಅದು ಕಬ್ಬಿಣದ ಅಂಶವನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳ ಪೊರೆ. ಮತ್ತೆ ಕೂಡಿಕೊಂಡರೆ ಎಣ್ಣೆ, ಆಗ ಪಂಪ್‌ಸೆಟ್ಟಿನ ಸೋರಿಕೆ ಹುಡುಕಬೇಕು. ಜಂಬಿಟ್ಟಿಗೆ ನೆಲದ ನಮ್ಮ ಬಾವಿಗಳಲ್ಲಿ ಮೊದಲಿನದೇ ಸಾಮಾನ್ಯ. ಸೇದಿದಾಗ ತಿಳಿಯಾಗಿದ್ದ ನೀರು ಕೊಡದಲ್ಲಿ ನಿಂತು ಕೆಂಪಾಗುವುದು, ಚಹಾ ಕಪ್ಪಾಗುವುದು, ಬಿಳಿ ಪಂಚೆಗೆ ಕಲೆ ಕೂರುವುದು ಎಲ್ಲವೂ ಕಬ್ಬಿಣದ ಗುರುತುಗಳೇ. ಇದು ಆರೋಗ್ಯಕ್ಕಿಂತ ರುಚಿಯ ತೊಂದರೆ. ನೀರನ್ನು ಎತ್ತರದಿಂದ ಸುರಿದು ಗಾಳಿಯಾಡಿಸಿ, ರಾತ್ರಿ ನಿಲ್ಲಿಸಿ, ಮರಳಿನಲ್ಲಿ ಸೋಸಿದರೆ ಬಹುಪಾಲು ಹೋಗುತ್ತದೆ. ಶೌಚದ ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಬದಿಯಲ್ಲಿ ಇದೆಯೇ ಎಂಬುದನ್ನು ಮಾತ್ರ ತಪ್ಪದೆ ನೋಡಿ.

ಬಾವಿಗೆ ಬ್ಲೀಚಿಂಗ್ ಪೌಡರ್ ಅನ್ನು ಕಣ್ಣಳತೆಯಲ್ಲಿ ಹಾಕಬಾರದು. ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ನೀರಿನ ಆಳದಿಂದಲೂ 785ರಿಂದಲೂ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. 2 ಮೀಟರ್ ವ್ಯಾಸದ, 5 ಮೀಟರ್ ನೀರಿರುವ ಬಾವಿಯಲ್ಲಿ 15,700 ಲೀಟರ್ ಇರುತ್ತದೆ. 1,000 ಲೀಟರಿಗೆ ಸುಮಾರು 2.5 ಗ್ರಾಂನಂತೆ 40 ಗ್ರಾಂ ಒಳ್ಳೆಯ ಪುಡಿ ಬೇಕು. ಬಕೆಟಿನಲ್ಲಿ ಕಲಸಿ ಸುಣ್ಣ ತಳವೂರಿದ ಮೇಲೆ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗದಲ್ಲಿ ನೀರಿನೊಳಕ್ಕೆ ಇಳಿಸಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆಯಾದರೂ ಸೇದದೆ ಬಿಡಬೇಕು. ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಹೋಗಿಬಿಟ್ಟಿರುತ್ತದೆ.

ಶಾಲೆ ತೆರೆಯುವ ಮೊದಲು ಮಕ್ಕಳ ಕುಡಿಯುವ ನೀರಿನ 1,000 ಲೀಟರಿನ ಟ್ಯಾಂಕನ್ನು ಸರಿಯಾಗಿ ತೊಳೆಯುವುದು ಹೇಗೆ?
– ಮುಖ್ಯ ಶಿಕ್ಷಕಿ, ಹೊಸನಗರ ತಾಲ್ಲೂಕು

ನೀರು ಖಾಲಿ ಮಾಡಿಸಿ, ತಳದ ಕೆಸರು ತೆಗೆಸಿ, ಗೋಡೆಗಳ ಪಾಚಿಯನ್ನು ಬ್ರಷ್‌ನಿಂದ ಉಜ್ಜಿಸಿ. ಸೋಪು, ಆಸಿಡ್ ಬೇಡ. ಆಸಿಡ್ ಬ್ಲೀಚಿಂಗ್ ಪೌಡರ್‌ಗೆ ತಗುಲಿದರೆ ವಿಷಾನಿಲ ಏಳುತ್ತದೆ. ಮತ್ತೆ ತುಂಬಿಸಿ, 200 ಗ್ರಾಂ ಬ್ಲೀಚಿಂಗ್ ಪೌಡರ್‌ನ ತಿಳಿಯನ್ನು ಬೆರೆಸಿದರೆ ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ಪ್ರತಿಯೊಂದು ನಲ್ಲಿಯನ್ನೂ ವಾಸನೆ ಬರುವವರೆಗೆ ತೆರೆದು ಮುಚ್ಚಿಸಿ, ಪೈಪುಗಳ ಒಳಗೂ ಈ ನೀರು ನಿಲ್ಲಲಿ. ಒಂದು ಹಗಲು ಒಂದು ರಾತ್ರಿ ಬಿಟ್ಟು, ಗಿಡಗಳಿಗೂ ಹಳ್ಳಕ್ಕೂ ಸೇರದಂತೆ ಹೊರಬಿಡಿಸಿ. ಹೊಸ ನೀರು ತುಂಬಿಸಿದ ಮೇಲೆ ಕ್ಲೋರಿನ್ ಪರೀಕ್ಷೆ ಮಾಡಿ, 0.5ರ ಆಸುಪಾಸಿಗೆ ಇಳಿದ ಮೇಲೆಯೇ ಮಕ್ಕಳಿಗೆ ಕೊಡಿ. ಈ ಕೆಲಸದ ಯಾವ ಹಂತದಲ್ಲೂ ಮಕ್ಕಳನ್ನು ಬಳಸಬೇಡಿ. ಶಾಲೆಯಲ್ಲಿ ನೆಲದಡಿಯ ಸಂಪು ಇದ್ದರೆ ಅದರೊಳಗೆ ಯಾರೂ ಒಬ್ಬರೇ ಇಳಿಯಬಾರದು. ಬಹುಕಾಲ ಮುಚ್ಚಿದ ಸಂಪಿನಲ್ಲಿ ಉಸಿರಾಟಕ್ಕೆ ಬೇಕಾದ ಗಾಳಿಯೇ ಇಲ್ಲದೆ ಜನ ಸತ್ತಿದ್ದಾರೆ. ಮುಚ್ಚಳ ತೆಗೆದು ಗಂಟೆಗಟ್ಟಲೆ ಗಾಳಿಯಾಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು. ತೊಳೆದ ದಿನಾಂಕವನ್ನು ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆಸಿ. ಆರು ತಿಂಗಳಿಗೊಮ್ಮೆ ಮತ್ತೆ ತೊಳೆಸಬೇಕು, ನಡುವೆ ಪೈಪು ಒಡೆದು ರಿಪೇರಿಯಾದರೆ ಆಗಲೇ.